ಬಾಂಬಿನ ಬೀಗದ ಕೈ ಯಾರ ಹತ್ತಿರ ಇರಬೇಕು?

ಪ್ರಶ್ನೆ: ನಮ್ಮ ಸೋದರಮಾವನವರ ಹಳೇ ಟ್ರಂಕಿನಲ್ಲಿ ಒಂದಷ್ಟು ಇಂಗ್ಲಿಷ್ ಪೇಪರ್‌ಬ್ಯಾಕ್‌ಗಳು ಸಿಕ್ಕಿವೆ. ಹೆಚ್ಚಿನವು 1940-50ರ ದಶಕದ ಅಂತರಿಕ್ಷ ಸಾಹಸದ ಕಥೆಗಳು. ಬಹುಪಾಲು ಎಲ್ಲದರಲ್ಲೂ ಗ್ರಹಗಳ ನಡುವೆ ತಿರುಗುತ್ತಾ ಶಾಂತಿ ಕಾಯುವ ಒಂದು ಪಡೆ ಇದೆ. ಆ ಕಾಲದ ಲೇಖಕರಿಗೆಲ್ಲ ಅಂತರಿಕ್ಷಕ್ಕೆ ಪೊಲೀಸರನ್ನು ಕಳಿಸುವ ಯೋಚನೆ ಯಾಕೆ ಬಂತು? ಇದು ವೇಷ ಹಾಕಿದ ಅಮೆರಿಕದ ಮಿಲಿಟರಿ ಜಾಹೀರಾತು ಅಂತ ನಮ್ಮ ಯಜಮಾನರು ಹೇಳುತ್ತಾರೆ, ನಿಜವೇ? ಹದಿನಾಲ್ಕು ವರ್ಷದ ಮಗಳಿಗೆ ಕೊಡಬಹುದಾ? ಕೊಟ್ಟರೆ ಯಾವುದರಿಂದ ಶುರು ಮಾಡಿಸಲಿ?

ಉತ್ತರ: ನಿಮ್ಮ ಮಾವನವರ ಟ್ರಂಕಿನ ವಿಷಯ ಓದಿ ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು. ನಾನು ಈ ಪುಸ್ತಕಗಳನ್ನು ಕಾಲೇಜಿನ ದಿನಗಳಲ್ಲಿ ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೇ ಪುಸ್ತಕದ ರಾಶಿಗಳಲ್ಲಿ ಒಂದೊಂದೇ ಹೆಕ್ಕಿದವನು. ಎಷ್ಟೋ ಪುಸ್ತಕಗಳಿಗೆ ರಟ್ಟೇ ಇರುತ್ತಿರಲಿಲ್ಲ.

ಮೊದಲೇ ಒಂದು ಮಾತು. ಇಂಗ್ಲಿಷಿನಲ್ಲಿ ಈ ಪಡೆಯ ಹೆಸರು ಪೆಟ್ರೋಲ್ ಅಂತ. ನಮ್ಮಲ್ಲಿ ಹಾಗಂದರೆ ಬಂಕ್ ನೆನಪಾಗುತ್ತೆ, ಅಲ್ವಾ? ಹಾಗಾಗಿ ಗಸ್ತು ಪಡೆ ಅಂತಲೇ ಬರೆಯುತ್ತೇನೆ. ಗಸ್ತು ಅನ್ನುವ ಮಾತು ನಮಗೆ ಹೊಸದೂ ಅಲ್ಲ. ಕನ್ನಡದ ಇಂದ್ರಜಾಲ ಕಾಮಿಕ್ಸ್‌ನಲ್ಲಿ ಫ್ಯಾಂಟಮ್ ಓದಿ ಬೆಳೆದವರಿಗೆ ಅವನ ಕಾಡಿನ ಗಸ್ತು ಪಡೆ ಗೊತ್ತೇ ಇರುತ್ತದೆ. ತಮ್ಮ ಕಮಾಂಡರ್ ಯಾರು ಅಂತಲೇ ಗೊತ್ತಿಲ್ಲದೆ ಕೆಲಸ ಮಾಡುವ ಪಡೆ ಅದು.

ಅಂತರಿಕ್ಷದ ಗಸ್ತು ಬಾಂಬಿಗಿಂತ ಹಳೆಯದು. ಎಡ್ಮಂಡ್ ಹ್ಯಾಮಿಲ್ಟನ್ 1928ರಲ್ಲೇ ‘ವಿಯರ್ಡ್ ಟೇಲ್ಸ್’ ಪತ್ರಿಕೆಯಲ್ಲಿ ನಕ್ಷತ್ರಗಳ ನಡುವೆ ಗಸ್ತು ತಿರುಗುವ ಪಡೆಯ ಕಥೆ ಬರೆದರು. ಆಮೇಲೆ ಬಂದವರು ಇ. ಇ. ಸ್ಮಿತ್. ಇವರು ಹೊಟ್ಟೆಪಾಡಿಗೆ ಫುಡ್ ಕೆಮಿಸ್ಟ್. ಡೋನಟ್ ಹಿಟ್ಟಿನ ಮಿಶ್ರಣ ಹದ ಮಾಡುವುದು ಅವರ ಕಸುಬು. ಅವರ ‘ಗ್ಯಾಲಕ್ಟಿಕ್ ಪೆಟ್ರೋಲ್’ 1937ರ ಸೆಪ್ಟೆಂಬರ್‌ನಿಂದ ‘ಅಸ್ಟೌಂಡಿಂಗ್’ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ಅದರಲ್ಲಿ ಪಡೆಯ ಆಯ್ದ ಜನರ ಮುಂಗೈಯಲ್ಲಿ ಹೊಳೆಯುವ ಲೆನ್ಸ್ ಇರುತ್ತದೆ. ಅದನ್ನು ಯಾರೂ ನಕಲಿ ಮಾಡಲಾಗದು. ತನ್ನದಲ್ಲದ ಲೆನ್ಸ್ ಹಾಕಿಕೊಂಡವನು ಸಾಯುತ್ತಾನೆ. ಯಾಕೆ ಅಷ್ಟೊಂದು ಭದ್ರತೆ? ಆ ಪಡೆಗೆ ಇರುವ ಅಧಿಕಾರ ಅಂಥದ್ದು. ಇವನು ನಿಜವಾದ ಪೊಲೀಸೋ ವೇಷಧಾರಿಯೋ ಅಂತ ಗುರುತಿಸುವುದೇ ಸ್ಮಿತ್‌ಗೆ ದೊಡ್ಡ ತಲೆನೋವು. ನಿಜವಾದ ಪೊಲೀಸೇ ಕೆಟ್ಟರೆ ಅನ್ನುವ ಪ್ರಶ್ನೆ ಅವರಿಗೆ ಏಳುವುದೇ ಇಲ್ಲ. ಲೆನ್ಸ್ ಸಿಕ್ಕವನು ಕೆಡುವವನಲ್ಲ, ಅಷ್ಟೇ. ಸುಮ್ನೆ ನಂಬಬೇಕು. ನಂಬಿ ಓದಿದರೆ ಮಜಾ ಇದೆ. ಆದರೆ ಹಡಗುಗಳು ದೊಡ್ಡದಾಗುತ್ತಾ, ಯುದ್ಧಗಳು ಇನ್ನೂ ದೊಡ್ಡದಾಗುತ್ತಾ ಹೋಗುತ್ತವೆ. ನನಗೆ ಮೂರನೇ ಪುಸ್ತಕದ ಹೊತ್ತಿಗೆ ಸುಸ್ತಾಯಿತು.

ಬಾಂಬ್ ಬಂದ ಮೇಲೆ ಈ ಕಥೆಗಳ ಬಣ್ಣ ಬದಲಾಯಿತು. ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಗಸ್ತು ಪಡೆ ಮೊದಲಿಂದಲೂ ಇತ್ತು. ಅದರ ಕೈಗೆ ಅಣುಬಾಂಬ್ ಬಂದದ್ದು ಹೊಸದು. 1945ರ ಆಗಸ್ಟ್‌ನಲ್ಲಿ ಹಿರೋಶಿಮಾ, ನಾಗಸಾಕಿ. ಅದೇ ವರ್ಷ ವಿಶ್ವಸಂಸ್ಥೆ ಹುಟ್ಟಿತು. ಅದರ ಸನ್ನದಿನ 43ನೇ ವಿಧಿಯ ಪ್ರಕಾರ ಸದಸ್ಯ ದೇಶಗಳು ಭದ್ರತಾ ಮಂಡಳಿಗೆ ಸೈನ್ಯ ಒದಗಿಸಬೇಕು. ಮರುವರ್ಷ ಜೂನ್‌ನಲ್ಲಿ ಅಮೆರಿಕದ ಬರ್ನಾರ್ಡ್ ಬರೂಕ್ ಒಂದು ಯೋಜನೆ ಮುಂದಿಟ್ಟರು. ಅಣುಶಕ್ತಿಯ ಅಪಾಯದ ಕೆಲಸಗಳನ್ನೆಲ್ಲ ಒಂದು ಅಂತರರಾಷ್ಟ್ರೀಯ ಸಂಸ್ಥೆಗೆ ಒಪ್ಪಿಸೋಣ ಅಂತ. ಎರಡೂ ಕೈಗೂಡಲಿಲ್ಲ. ರಷ್ಯಾ, ಅಮೆರಿಕ ಒಬ್ಬರನ್ನೊಬ್ಬರು ನಂಬಲಿಲ್ಲ. ವಿಶ್ವಸಂಸ್ಥೆಗೆ ಆ ಸ್ವಂತ ಸೈನ್ಯ ಇವತ್ತಿಗೂ ಬಂದಿಲ್ಲ. ನಿಜ ಪ್ರಪಂಚದಲ್ಲಿ ಆಗದೇ ಹೋದದ್ದನ್ನು ಕಥೆಗಾರರು ಕಥೆಯಲ್ಲಿ ಮಾಡಿ ನೋಡಿದರು. ಎಲ್ಲಾ ದೇಶಗಳ ಮೇಲೆ ಒಂದು ಪಡೆ. ಬಾಂಬ್ ಅವರ ಹತ್ತಿರ ಮಾತ್ರ. ಅವರು ಇರುವುದು ಯಾವ ದೇಶದ ನೆಲವೂ ಅಲ್ಲದ ಅಂತರಿಕ್ಷದಲ್ಲಿ. ಯೋಚಿಸಿದರೆ ಬೇರೆ ಜಾಗ ತಾನೇ ಎಲ್ಲಿತ್ತು?

ಈ ವಿಷಯದಲ್ಲಿ ಜಾಸ್ತಿ ತಲೆ ಕೆಡಿಸಿಕೊಂಡವರು ರಾಬರ್ಟ್ ಹೈನ್‌ಲೈನ್. ನಿಮ್ಮ ಟ್ರಂಕಿನಲ್ಲಿ ಇವರದು ಒಂದಾದರೂ ಇದ್ದೇ ಇರುತ್ತದೆ. ಅಮೆರಿಕದ ನೌಕಾ ಅಕಾಡೆಮಿಯಲ್ಲಿ 1929ರಲ್ಲಿ ಪಾಸಾದವರು. ಕ್ಷಯ ಬಂದು 1934ರಲ್ಲಿ ನೌಕಾಪಡೆ ಬಿಡಬೇಕಾಯಿತು. ಬಿಡಲು ಮನಸ್ಸಿಲ್ಲದೆ ಬಿಟ್ಟ ಕೆಲಸ. ಅವರ ಕಥೆಗಳಲ್ಲಿ ಆ ಹಂಬಲ ಎದ್ದು ಕಾಣುತ್ತದೆ.

1941ರ ಮೇ ತಿಂಗಳಲ್ಲಿ ಅವರು ಬೇರೆ ಹೆಸರಿನಲ್ಲಿ ‘ಸೊಲ್ಯೂಷನ್ ಅನ್‌ಸ್ಯಾಟಿಸ್‌ಫ್ಯಾಕ್ಟರಿ’ ಅನ್ನುವ ಕಥೆ ಬರೆದರು. ವರ್ಷ ಗಮನಿಸಿ. ಅಮೆರಿಕ ಇನ್ನೂ ಯುದ್ಧಕ್ಕೇ ಇಳಿದಿರಲಿಲ್ಲ. ಕಥೆಯಲ್ಲಿ ಅಮೆರಿಕ ವಿಕಿರಣದ ಧೂಳು ತಯಾರಿಸುತ್ತದೆ, ಬ್ರಿಟನ್ನಿನ ವಿಮಾನಗಳು ಅದನ್ನು ಬರ್ಲಿನ್ ಮೇಲೆ ಸುರಿಯುತ್ತವೆ. ಯುದ್ಧ ನಿಲ್ಲುತ್ತದೆ. ಮರುಕ್ಷಣವೇ ಹೆದರಿಕೆ ಶುರು. ಇದನ್ನು ನಾವು ಮಾಡಿದ ಹಾಗೆ ಯಾರು ಬೇಕಾದರೂ ಮಾಡಬಹುದಲ್ಲ? ಆಗ ಕರ್ನಲ್ ಮ್ಯಾನಿಂಗ್ ಅನ್ನುವವನು ಶಾಂತಿ ಗಸ್ತು ಪಡೆ ಕಟ್ಟುತ್ತಾನೆ. ಎಲ್ಲಾ ದೇಶಗಳಿಂದ ಪೈಲಟ್‌ಗಳನ್ನು ತೆಗೆದುಕೊಳ್ಳುತ್ತಾನೆ. ಯಾರನ್ನೂ ಅವರವರ ದೇಶದ ಮೇಲೆ ಗಸ್ತಿಗೆ ಹಾಕುವುದಿಲ್ಲ. ಲೆಕ್ಕ ಸರಿಯಾಗೇ ಇದೆ. ಆದರೆ ಕಥೆ ಮುಗಿಯುವ ಹೊತ್ತಿಗೆ ಮ್ಯಾನಿಂಗ್ ಇಡೀ ಜಗತ್ತಿನ ಸರ್ವಾಧಿಕಾರಿ. ಅವನಿಗೂ ಅದು ಬೇಡವಾಗಿತ್ತು. ಬೇರೆ ದಾರಿ ಅವನಿಗೂ ಹೊಳೆಯಲಿಲ್ಲ, ಲೇಖಕರಿಗೂ ಹೊಳೆಯಲಿಲ್ಲ. ಅದಕ್ಕೇ ಕಥೆಗೆ ಆ ಹೆಸರು: ತೃಪ್ತಿ ಕೊಡದ ಪರಿಹಾರ.

ಏಳು ವರ್ಷದ ಮೇಲೆ, 1948ರಲ್ಲಿ, ಅದೇ ಹೈನ್‌ಲೈನ್ ಹುಡುಗರಿಗಾಗಿ ‘ಸ್ಪೇಸ್ ಕ್ಯಾಡೆಟ್’ ಬರೆದರು. ಮ್ಯಾಟ್ ಡಾಡ್ಸನ್ ಅನ್ನುವ ಹುಡುಗ 2075ರಲ್ಲಿ ಗಸ್ತು ಪಡೆಯ ಅಕಾಡೆಮಿಗೆ ಸೇರಲು ಬರುತ್ತಾನೆ. ಬಂದ ಹೊಸತರಲ್ಲೇ ಅವನ ಚೀಲದೊಳಗಿನ ಫೋನ್ ರಿಂಗಾಗುತ್ತದೆ. ಅಪ್ಪನ ಫೋನು. ಪಕ್ಕದ ಹುಡುಗ ಟೆಕ್ಸ್ ಜಾಣ. ಮನೆಯವರ ಕಾಟ ಬೇಡ ಅಂತ ಫೋನನ್ನು ಲಗೇಜಿನಲ್ಲಿ ತುಂಬಿಬಿಟ್ಟಿರುತ್ತಾನೆ. 1948ರಲ್ಲಿ ಬರೆದದ್ದು ಇದು! ನಿಮ್ಮ ಮಗಳಿಗೆ ಇದೊಂದು ಸಾಕು ನಗಲಿಕ್ಕೆ.

ಸೇರಿಸಿಕೊಳ್ಳುವ ಮೊದಲು ಪರೀಕ್ಷೆಗಳು. ಒಂದನ್ನು ಮಾತ್ರ ಹೇಳುತ್ತೇನೆ. ಕಣ್ಣು ಮುಚ್ಚಿಕೊಂಡು ಹುರುಳಿಕಾಯಿ ಬೀಜದಂಥ ಕಾಳುಗಳನ್ನು ಬಾಟಲಿಯೊಳಗೆ ಬೀಳಿಸಬೇಕು. ರೂಮಿನಲ್ಲಿ ಬೇರೆ ಯಾರೂ ಇಲ್ಲ. ಎಷ್ಟು ಬಿತ್ತು ಅಂತ ತಾನೇ ಎಣಿಸಿ ಬರೆಯಬೇಕು. ಮ್ಯಾಟ್‌ಗೆ ಸಿಕ್ಕ ಅಂಕ ತೀರಾ ಕಡಿಮೆ. ತನ್ನ ಕಥೆ ಮುಗೀತು ಅಂತ ಬೇಜಾರು ಮಾಡಿಕೊಳ್ಳುತ್ತಾನೆ. ಕಣ್ಣು ಬಿಟ್ಟರೆ ಯಾರಿಗೆ ಗೊತ್ತಾಗುತ್ತೆ ಅಂದುಕೊಂಡವರಿಗೆ ಅಂಕ ಜಾಸ್ತಿ. ಪರೀಕ್ಷೆ ಇದ್ದದ್ದು ಕೈಚಳಕಕ್ಕಲ್ಲ ಅಂತ ಓದುಗರಿಗೆ ನಿಧಾನವಾಗಿ ಹೊಳೆಯುತ್ತದೆ. ಸ್ಮಿತ್ ಅವರ ಮಾಯದ ಲೆನ್ಸ್ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಒಂದು ಹಿಡಿ ಕಾಳು ಮಾಡುತ್ತದೆ.

ಈ ಪುಸ್ತಕದಲ್ಲಿ ಗಸ್ತು ಪಡೆ ಭೂಮಿಯ ಸುತ್ತ ಕಕ್ಷೆಯಲ್ಲೇ ಬಾಂಬುಗಳನ್ನು ಇಟ್ಟಿದೆ. ಮ್ಯಾಟ್ ರಜೆಗೆ ಅಯೋವಾದ ಡೆಮಾಯ್ನ್‌ನಲ್ಲಿರುವ ತನ್ನ ಮನೆಗೆ ಹೋಗುತ್ತಾನೆ. ಆ ಬಾಂಬುಗಳ ಮಾತು ಬಂದಾಗ ಅಮ್ಮನಿಗೆ ಗಾಬರಿ. ಅಪ್ಪನದು ಒಂದೇ ಮಾತು: ನಮ್ಮ ದೇಶದ ಮೇಲೆ ಅವರು ಯಾವತ್ತೂ ಹಾಕಲ್ಲ ಬಿಡು. ಮ್ಯಾಟ್ ಸುಮ್ಮನಾಗುತ್ತಾನೆ. ಹಾಕಬೇಕಾಗಿ ಬಂದರೆ ಹಾಕುತ್ತಾರೆ, ಅಷ್ಟೇ ಯಾಕೆ, ಹಾಕುವವರ ಸಾಲಿನಲ್ಲಿ ತಾನೂ ಇರಬಹುದು ಅಂತ ಅವನಿಗೆ ಈಗ ಗೊತ್ತು. ಅವನಿಗೆ ರಜೆಯೇ ಕಹಿಯಾಗುತ್ತದೆ. ವಾಪಸ್ ಹೋಗಿ ಲೆಫ್ಟಿನೆಂಟ್ ವಾಂಗ್ ಮುಂದೆ ಈ ಕಷ್ಟ ತೋಡಿಕೊಳ್ಳುತ್ತಾನೆ. ವಾಂಗ್ ಅವನನ್ನು ಗದರುವುದಿಲ್ಲ, ನಗುವುದೂ ಇಲ್ಲ. ಅಪ್ಪ ಹೇಳಿದ್ದೇ ಸರಿ ಅಂತ ಸಮಾಧಾನವನ್ನೂ ಮಾಡುವುದಿಲ್ಲ.

ಇದನ್ನು ಸ್ವಲ್ಪ ನಿಂತು ನೋಡಿ. ಯುದ್ಧ ಗೆದ್ದು ಮೂರೇ ವರ್ಷ ಆಗಿತ್ತು. ಅಮೆರಿಕದ ಲೇಖಕರೊಬ್ಬರು ಅಮೆರಿಕದ ಹದಿಹರೆಯದ ಹುಡುಗರಿಗೆ, ನಿನ್ನ ಊರಿನ ಮೇಲೆ ಬಾಂಬ್ ಹಾಕಬೇಕಾಗಿ ಬಂದರೆ ಏನು ಮಾಡುತ್ತೀಯ ಅಂತ ಕೇಳುತ್ತಿದ್ದಾರೆ. ಮಿಲಿಟರಿ ಜಾಹೀರಾತು ಹೀಗೆ ಕೇಳುತ್ತದಾ? ನಿಮ್ಮ ಯಜಮಾನರಿಗೆ ಆ ಒಂದು ಅಧ್ಯಾಯ ಓದಲು ಹೇಳಿ.

ಕಥೆಯ ಕೊನೇ ಭಾಗ ಶುಕ್ರಗ್ರಹದಲ್ಲಿ ನಡೆಯುತ್ತದೆ. ಅಲ್ಲಿನವರು ನೀರಲ್ಲೂ ನೆಲದ ಮೇಲೂ ಬದುಕುವ ಜನ. ಹೆಂಗಸರದೇ ಆಡಳಿತ. ಅಕಾಡೆಮಿ ಬಿಟ್ಟು ಅಪ್ಪನ ಕಂಪನಿಗೆ ಸೇರಿದ ಬರ್ಕ್ ಅನ್ನುವವನು ಅದಿರಿನ ಆಸೆಗೆ ಅವರ ಯಜಮಾನಿಯನ್ನೇ ಒತ್ತೆಯಾಳಾಗಿ ಹಿಡಿದಿರುತ್ತಾನೆ. ಅವರು ತಿರುಗಿ ಬಿದ್ದಿರುತ್ತಾರೆ. ವಿಷಯ ವಿಚಾರಿಸಲು ಬಂದ ಕ್ಯಾಡೆಟ್‌ಗಳ ಹಡಗು ಕೆಸರಿನಲ್ಲಿ ಮುಳುಗುತ್ತದೆ, ಅಧಿಕಾರಿ ಪ್ರಜ್ಞೆ ತಪ್ಪಿ ಮಲಗುತ್ತಾನೆ. ಅಲ್ಲಿಂದ ಮುಂದೆ ಕೆಲಸಕ್ಕೆ ಬರುವುದು ಆಸ್ಕರ್ ಅನ್ನುವ ಹುಡುಗನ ನಾಲಿಗೆ. ಅವನು ಶುಕ್ರದಲ್ಲೇ ಬೆಳೆದವನು. ಆ ಜನರ ಭಾಷೆ, ಮರ್ಯಾದೆ ಎರಡೂ ಗೊತ್ತು. ದೊಡ್ಡವರ ಮುಂದೆ ಹೇಗೆ ಮಾತಾಡಬೇಕೋ ಹಾಗೆ ಮಾತಾಡಿ ಜಗಳ ಬಿಡಿಸುತ್ತಾನೆ. ವಾಪಸ್ ಬಂದಾಗ ಮೇಲಿನವರಿಂದ ಶಹಬ್ಬಾಸ್ ಕೂಡ ಇಲ್ಲ. ಅವರ ಲೆಕ್ಕದಲ್ಲಿ ಅದು ಮಾಡಲೇಬೇಕಾದ ಡ್ಯೂಟಿ.

ಇನ್ನೊಂದು ವಿಷಯ ಹೇಳದೆ ಇರಲಾರೆ. ಈ ಪಡೆಯಲ್ಲಿ ಹಾಜರಿ ಕರೆಯುವಾಗ ಮೊದಲು ನಾಲ್ಕು ಹೆಸರು ಕೂಗುತ್ತಾರೆ. ಡಾಲ್‌ಕ್ವಿಸ್ಟ್, ಮಾರ್ಟಿನ್, ರಿವೆರಾ, ವೀಲರ್. ನಾಲ್ವರೂ ಸತ್ತು ಬಹಳ ಕಾಲವಾಗಿದೆ. ಪ್ರತಿ ಹೆಸರಿಗೂ ಸಾಲಿನಲ್ಲಿ ನಿಂತ ಒಬ್ಬರು ಅವನ ಪರವಾಗಿ ನಾನು ಅಂತ ಓಗೊಡುತ್ತಾರೆ. ನಾನು ಮೊದಲು ಓದಿದಾಗ ಆ ಹೆಸರುಗಳನ್ನು ಸುಮ್ನೆ ದಾಟಿ ಹೋಗಿದ್ದೆ.

ಒಂದೆರಡು ವರ್ಷದ ಮೇಲೆ ‘ದಿ ಲಾಂಗ್ ವಾಚ್’ ಕೈಗೆ ಸಿಕ್ಕಿತು. 1949ರ ಡಿಸೆಂಬರ್‌ನಲ್ಲಿ ಮೊದಲು ಅಚ್ಚಾದ ಸಣ್ಣ ಕಥೆ. ಚಂದ್ರನಿಂದ ಒಂಬತ್ತು ಹಡಗು ಹೊರಡುತ್ತವೆ. ಎಂಟು ಹಡಗು ಸುತ್ತುವರಿದು ನಡುವಿನ ಚಿಕ್ಕದೊಂದನ್ನು ಕಾಯುತ್ತಾ ಭೂಮಿಗೆ ತರುತ್ತವೆ. ಆ ಚಿಕ್ಕ ಹಡಗಿನಲ್ಲಿ ಜೀವ ಇರುವ ಯಾವುದೂ ಇಲ್ಲ. ಒಂದು ಸೀಸದ ಶವಪೆಟ್ಟಿಗೆ, ವಿಕಿರಣ ಅಳೆಯುವ, ಬಾಯಿ ಮುಚ್ಚದ ಒಂದು ಗೈಗರ್ ಕೌಂಟರ್, ಅಷ್ಟೇ. ಪೆಟ್ಟಿಗೆಯಲ್ಲಿ ಇರುವವನು ಜಾನಿ ಡಾಲ್‌ಕ್ವಿಸ್ಟ್. ಆ ಹಾಜರಿಯ ಮೊದಲ ಹೆಸರು! ನಾನು ಎದ್ದು ಹೋಗಿ ಹಳೇ ಪುಸ್ತಕ ತೆಗೆದು ಆ ಪುಟ ಹುಡುಕಿದೆ.

ಡಾಲ್‌ಕ್ವಿಸ್ಟ್ ಚಂದ್ರನ ಮೇಲಿನ ಠಾಣೆಯಲ್ಲಿ ಬಾಂಬ್ ಅಧಿಕಾರಿ. ಮನೆಯಲ್ಲಿ ಹೆಂಡತಿ, ಪುಟ್ಟ ಮಗಳು. ಒಂದು ದಿನ ಮೇಲಧಿಕಾರಿ ಕರ್ನಲ್ ಟವರ್ಸ್ ಅವನನ್ನು ಕರೆದು ಹೇಳುತ್ತಾನೆ: ಭೂಮಿಯನ್ನು ರಾಜಕಾರಣಿಗಳ ಕೈಯಲ್ಲಿ ಬಿಡುವುದು ಅಪಾಯ, ಅಧಿಕಾರ ನಾವೇ ತೆಗೆದುಕೊಳ್ಳೋಣ, ನಂಬಿಕೆ ಬರಲು ಒಂದೆರಡು ಊರಿನ ಮೇಲೆ ಬಾಂಬ್ ಹಾಕೋಣ. ಮಾತು ಪೂರಾ ಮರ್ಯಾದೆಯದು. ಡಾಲ್‌ಕ್ವಿಸ್ಟ್ ಆಯಿತು ಸರ್ ಅನ್ನುವವನ ಹಾಗೆ ಹೊರಗೆ ಬಂದು ಬಾಂಬ್ ಕೋಣೆಯೊಳಗೆ ಹೋಗಿ ಬಾಗಿಲು ಭದ್ರ ಮಾಡಿಕೊಳ್ಳುತ್ತಾನೆ. ಒಂದೊಂದೇ ಬಾಂಬ್ ಬಿಚ್ಚಿ ಒಳಗಿನ ಪ್ಲುಟೋನಿಯಮ್ ಅನ್ನು ಸುತ್ತಿಗೆಯಿಂದ ಒಡೆಯುತ್ತಾನೆ. ಮತ್ತೆ ಜೋಡಿಸಲು ಆಗದ ಹಾಗೆ. ಹಾಗೆ ಒಡೆದರೆ ಒಡೆದವನು ಉಳಿಯುವುದಿಲ್ಲ ಅಂತ ಅವನಿಗೆ ಗೊತ್ತು. ಕೆಲಸ ಮುಗಿಸಿ ಕೂತು ಒಂದು ಸಿಗರೇಟ್ ಹಚ್ಚುತ್ತಾನೆ.

ಇಲ್ಲಿ ಖಳ ಯಾರು? ಹಸಿರು ಮೈಯ ಅನ್ಯಗ್ರಹದವನಲ್ಲ. ಗಸ್ತು ಪಡೆಯ ಸಮವಸ್ತ್ರ ಹಾಕಿದ ಕರ್ನಲ್. ಈ ಇಡೀ ಜಾತಿಯ ಕಥೆಗಳಲ್ಲಿ ನನಗೆ ಇದೇ ಎಲ್ಲಕ್ಕಿಂತ ದೊಡ್ಡದು ಅನ್ನಿಸುವುದು ಈ ಕಾರಣಕ್ಕೆ. ಕಾವಲಿನವನನ್ನು ಕಾಯುವವರು ಯಾರು ಅನ್ನುವುದು ಮ್ಯಾನಿಂಗ್ ಕಾಲದಿಂದ ನೇತಾಡುತ್ತಿದ್ದ ಪ್ರಶ್ನೆ. ಅದಕ್ಕೆ ಹೈನ್‌ಲೈನ್ ಕೊಟ್ಟ ಉತ್ತರ, ಯಾರೋ ಒಬ್ಬ ಜೂನಿಯರ್ ಅಧಿಕಾರಿ ಸುತ್ತಿಗೆ ಎತ್ತಬೇಕು ಅಂತ. ಒಳ್ಳೇ ಉತ್ತರವಾ? ಅಲ್ಲ. ಒಬ್ಬನ ಒಳ್ಳೇತನದ ಮೇಲೆ ಭೂಮಿಯನ್ನು ನಿಲ್ಲಿಸಲು ಆಗುವುದಿಲ್ಲ. ಆದರೆ ಪ್ರಶ್ನೆಯನ್ನು ಮುಚ್ಚಿಡದೆ ಎತ್ತಿದರಲ್ಲ.

ಟೀವಿಯವರು ಮುಚ್ಚಿಟ್ಟರು. ನಿಮ್ಮ ಯಜಮಾನರ ಮಾತು ಅಲ್ಲಿಗೆ ಸಲ್ಲುತ್ತದೆ. ಆದರೂ ಅಲ್ಲಿ ಮಿಲಿಟರಿಗಿಂತ ಜಾಸ್ತಿ ಮಾರಾಟವಾದದ್ದು ಬೆಳಗಿನ ತಿಂಡಿ! 1950ರ ಅಕ್ಟೋಬರ್‌ನಲ್ಲಿ ‘ಟಾಮ್ ಕಾರ್ಬೆಟ್, ಸ್ಪೇಸ್ ಕ್ಯಾಡೆಟ್’ ಶುರುವಾಯಿತು. ಹೈನ್‌ಲೈನ್ ಪುಸ್ತಕದಿಂದ ಹುಟ್ಟಿದ್ದು. ವಾರಕ್ಕೆ ಮೂರು ಸಲ, ಹದಿನೈದು ನಿಮಿಷ, ಅದೂ ನೇರ ಪ್ರಸಾರ. ಪ್ರಾಯೋಜಕರು ಕೆಲಾಗ್ಸ್. ಜರ್ಮನಿಯಿಂದ ನಾಜಿಗಳ ಕಾಲದಲ್ಲಿ ತಪ್ಪಿಸಿಕೊಂಡು ಬಂದ ರಾಕೆಟ್ ತಜ್ಞ ವಿಲ್ಲಿ ಲೇ ಸಲಹೆಗಾರರು. ಹಾಗಾಗಿ ವಿಜ್ಞಾನ ತೀರಾ ಕೆಟ್ಟಿರಲಿಲ್ಲ. ಅವರ ಬಂದೂಕು ಕೊಲ್ಲುವುದಿಲ್ಲ, ಮೈ ಮರಗಟ್ಟಿಸುತ್ತದೆ. ಅದೇ ಹೊತ್ತಿನ ‘ಸ್ಪೇಸ್ ಪೆಟ್ರೋಲ್’ನಲ್ಲಿ ಕಮಾಂಡರ್ ಆಗಿ ನಟಿಸಿದ ಎಡ್ ಕೆಮರ್ ನಿಜವಾಗಿ ಫೈಟರ್ ಪೈಲಟ್ ಆಗಿದ್ದವರು, ಜರ್ಮನಿಯಲ್ಲಿ ಯುದ್ಧಕೈದಿಯಾಗಿದ್ದವರು. ಆ ಕಾರ್ಯಕ್ರಮದಲ್ಲಿ ಸಿಕ್ಕಿಬಿದ್ದ ದುಷ್ಟರನ್ನು ಕೊಲ್ಲದೆ ಬ್ರೇನೋಗ್ರಾಫ್ ಅನ್ನುವ ಯಂತ್ರಕ್ಕೆ ಕೂರಿಸುತ್ತಾರೆ. ಮನಸ್ಸನ್ನೇ ಬದಲಿಸಿ ಒಳ್ಳೆಯವರನ್ನಾಗಿ ಮಾಡುತ್ತಾರೆ. ಮಕ್ಕಳು ಕಾರ್ನ್‌ಫ್ಲೇಕ್ಸ್ ತಿನ್ನುತ್ತಾ ಇದನ್ನು ನೋಡುತ್ತಿದ್ದರು. ನನಗಂತೂ ಈ ದಯೆಗಿಂತ ಆ ಬಂದೂಕೇ ವಾಸಿ ಅನ್ನಿಸಿದೆ.

ಇಂಗ್ಲೆಂಡಿನದು ಬೇರೆ ರುಚಿ. 1950ರ ಏಪ್ರಿಲ್ 14ರಂದು ‘ಈಗಲ್’ ಅನ್ನುವ ಮಕ್ಕಳ ವಾರಪತ್ರಿಕೆ ಶುರುವಾಯಿತು. ಶುರು ಮಾಡಿದವರು ಮಾರ್ಕಸ್ ಮಾರಿಸ್ ಅನ್ನುವ ಪಾದ್ರಿ. ಮೊದಲ ಪುಟದಲ್ಲೇ ಫ್ರಾಂಕ್ ಹ್ಯಾಂಪ್ಸನ್ ಬರೆದ ಡ್ಯಾನ್ ಡೇರ್. ಆ ನಾಯಕ ಯಾಕೆ ಶುಕ್ರಗ್ರಹಕ್ಕೆ ಹೊರಡುತ್ತಾನೆ ಗೊತ್ತೇ? ಊಟ ತರಲು. ಭೂಮಿಯಲ್ಲಿ ಆಹಾರ ಸಾಲದು, ಶುಕ್ರದಲ್ಲಿ ಬೆಳೆಯಬಹುದಾ ನೋಡಿಕೊಂಡು ಬಾ ಅಂತ. ಬ್ರಿಟನ್ನಿನಲ್ಲಿ ರೇಷನ್ ಪದ್ಧತಿ ಪೂರ್ತಿ ತೆಗೆದದ್ದು 1954ರಲ್ಲಿ. ಅಂದರೆ ಆ ಕಥೆ ಓದುತ್ತಿದ್ದ ಮಕ್ಕಳು ಸಕ್ಕರೆ, ಮಾಂಸವನ್ನು ಅಳತೆಯಲ್ಲೇ ಕಂಡವರು. ಅಮೆರಿಕದ ಮಕ್ಕಳ ಗಸ್ತು ಪಡೆಗೆ ತಿಂಡಿ ಕಂಪನಿ ದುಡ್ಡು ಹಾಕಿತು. ಇವರ ನಾಯಕ ತಿಂಡಿಯನ್ನೇ ಹುಡುಕಿಕೊಂಡು ಹೊರಟ. ಪ್ರೊಫೆಸರ್ ಪೀಬಾಡಿ ಅನ್ನುವ ಹೆಂಗಸೊಬ್ಬರು ಆ ತಂಡದಲ್ಲಿ ವಿಜ್ಞಾನಿ. ಇದನ್ನು ನಿಮ್ಮ ಮಗಳ ದೃಷ್ಟಿಯಿಂದ ಹೇಳಿದೆ. ಹೈನ್‌ಲೈನ್ ಅವರ ಗಸ್ತು ಪಡೆಯಲ್ಲಿ ಒಬ್ಬಳೇ ಒಬ್ಬ ಹುಡುಗಿ ಕ್ಯಾಡೆಟ್ ಇಲ್ಲ. ಅವಳು ಕೇಳಿಯೇ ಕೇಳುತ್ತಾಳೆ. ತಯಾರಾಗಿರಿ.

ಐಸಾಕ್ ಅಸಿಮೋವ್ ಕೂಡ 1952ರಿಂದ 1958ರವರೆಗೆ ಪಾಲ್ ಫ್ರೆಂಚ್ ಅನ್ನುವ ಹೆಸರಿನಲ್ಲಿ ಅಂತರಿಕ್ಷ ಸಾಹಸಿ ಲಕ್ಕಿ ಸ್ಟಾರ್‌ನ ಆರು ಪುಸ್ತಕ ಬರೆದರು. ಒಂದರಲ್ಲಿ ಶುಕ್ರದ ತುಂಬ ಸಮುದ್ರ. ಆಗಿನ ವಿಜ್ಞಾನಿಗಳಿಗೂ ಮೋಡದ ಕೆಳಗೆ ಏನಿದೆ ಅಂತ ಖಚಿತವಾಗಿ ಗೊತ್ತಿರಲಿಲ್ಲ. 1962ರ ಡಿಸೆಂಬರ್‌ನಲ್ಲಿ ಮ್ಯಾರಿನರ್ 2 ನೌಕೆ ಹತ್ತಿರದಿಂದ ನೋಡಿ ಶುಕ್ರ ಕುಲುಮೆ ಅಂತ ತೋರಿಸಿತು. 1965ರ ಜುಲೈನಲ್ಲಿ ಮ್ಯಾರಿನರ್ 4 ಮಂಗಳದ ಫೋಟೋ ಕಳಿಸಿತು, ಬರೀ ಗುಂಡಿಗಳು. ಮಾತಾಡಿಸಲು ಅಲ್ಲಿ ಯಾರೂ ಇರಲಿಲ್ಲ. ಅಸಿಮೋವ್ ಮರುಮುದ್ರಣಗಳಿಗೆ ಮುನ್ನುಡಿ ಸೇರಿಸಿ, ನಾನು ಬರೆದ ಶುಕ್ರ ಇದಲ್ಲ, ಕ್ಷಮಿಸಿ ಅನ್ನುವ ಅರ್ಥದಲ್ಲಿ ಒಪ್ಪಿಕೊಂಡರು. ನೆರೆಯ ಗ್ರಹಗಳಲ್ಲಿ ಜನ ಇಲ್ಲ ಅಂದಮೇಲೆ ಗ್ರಹಗಳ ನಡುವೆ ಶಾಂತಿ ಕಾಯುವ ಪಡೆಗೂ ಕೆಲಸ ಹೋಯಿತು. ಆಮೇಲಿನ ಕಥೆಗಳು ದೂರದ ನಕ್ಷತ್ರಗಳಿಗೆ ಗುಳೆ ಹೋದವು.

ಕಾನೂನು ಕೂಡ ಆ ಹೊತ್ತಿಗೇ ಬಂತು. 1967ರ ಜನವರಿಯಲ್ಲಿ ಸಹಿಗೆ ಇಟ್ಟ ಬಾಹ್ಯಾಕಾಶ ಒಪ್ಪಂದದ 4ನೇ ವಿಧಿ, ಅಣ್ವಸ್ತ್ರಗಳನ್ನು ಕಕ್ಷೆಯಲ್ಲಿ ಇಡಬಾರದು ಅನ್ನುತ್ತದೆ. ಚಂದ್ರನ ಮೇಲೆ ಸೇನಾ ಠಾಣೆಯೂ ಕೂಡದು. ಅಂದರೆ ಮ್ಯಾಟ್ ಡಾಡ್ಸನ್‌ನ ಪಡೆ, ಡಾಲ್‌ಕ್ವಿಸ್ಟ್‌ನ ಠಾಣೆ ಎರಡೂ ಈಗ ಕಾನೂನುಬಾಹಿರ! ಬೀಗದ ಕೈ ಒಬ್ಬರಿಗೆ ಕೊಡುವ ಬದಲು ಅಂತರಿಕ್ಷದಲ್ಲಿ ಬಾಂಬೇ ಬೇಡ ಅಂತ ದೇಶಗಳು ಒಪ್ಪಿದವು. ನೆಲದ ಮೇಲಿನ ಬಾಂಬ್ ಮಾತ್ರ ಅವರವರ ಹತ್ತಿರವೇ ಉಳಿಯಿತು.

ಆಸ್ಕರ್‌ನ ಹಾಗೆ ಮಾತಿನಲ್ಲೇ ಜಗಳ ಬಿಡಿಸುವ ಅಧಿಕಾರಿ ಕಥೆಯಲ್ಲಿ ಮಾತ್ರವಾ ಅಂತ ಮಗಳು ಕೇಳಿದರೆ ಕೊಡಗಿನ ಜನರಲ್ ತಿಮ್ಮಯ್ಯನವರ ವಿಷಯ ಹೇಳಿ. ಈ ಪುಸ್ತಕಗಳ ಕಾಲದಲ್ಲೇ, 1953ರಲ್ಲಿ, ಕೊರಿಯಾ ಯುದ್ಧ ನಿಂತಾಗ ಊರಿಗೆ ಹೋಗಲು ಒಪ್ಪದ 22 ಸಾವಿರಕ್ಕೂ ಹೆಚ್ಚು ಕೈದಿಗಳ ವಿಚಾರಣೆಯ ಆಯೋಗಕ್ಕೆ ಅವರೇ ಅಧ್ಯಕ್ಷರು. ಎರಡು ಕಡೆಯವರೂ ಅನುಮಾನದಿಂದ ನೋಡುವ ಕೆಲಸ. ಆಮೇಲೆ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆ ನಡೆಸುತ್ತಿದ್ದಾಗ 1965ರ ಡಿಸೆಂಬರ್‌ನಲ್ಲಿ ಅಲ್ಲೇ ತೀರಿಕೊಂಡರು.

ಇನ್ನು ಓದುವ ಕ್ರಮ. ಮೊದಲು ‘ಸ್ಪೇಸ್ ಕ್ಯಾಡೆಟ್’. ಭಾಷೆ ಸುಲಭ, ಹಾಸ್ಟೆಲ್ ಕಥೆಯ ಹಾಗೆ ಓಡುತ್ತದೆ. ಡಾಲ್‌ಕ್ವಿಸ್ಟ್ ಬಗ್ಗೆ ಮುಂಚೆ ಏನೂ ಹೇಳಬೇಡಿ. ಅದು ಮುಗಿದ ಮೇಲೆ ‘ದಿ ಲಾಂಗ್ ವಾಚ್’, ಒಂದೇ ಸಂಜೆಗೆ ಆಗುತ್ತದೆ. 1941ರ ಧೂಳಿನ ಕಥೆಯನ್ನು ಇನ್ನೆರಡು ವರ್ಷ ಬಿಟ್ಟು ಕೊಡಿ. ಅದರ ಕತ್ತಲೆ ಹದಿನಾಲ್ಕಕ್ಕೆ ಸ್ವಲ್ಪ ಜಾಸ್ತಿ. ಲಕ್ಕಿ ಸ್ಟಾರ್ ಬಸ್ಸಿನಲ್ಲಿ ಓದಲು ಚೆನ್ನ. ಸ್ಮಿತ್ ಬೇಕೇ ಬೇಕು ಅಂದರೆ ಅವರ ‘ಟ್ರಿಪ್ಲಾನೆಟರಿ’, ಜೊತೆಗೆ ಟಾಮ್ ಕಾರ್ಬೆಟ್ ಪುಸ್ತಕಗಳಲ್ಲಿ ಕೆಲವು ಇಂಟರ್ನೆಟ್ಟಿನ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಪುಕ್ಕಟೆ ಸಿಗುತ್ತವೆ.

ಕೊನೆಗೆ ಟ್ರಂಕಿನ ವಿಚಾರ. ಎಪ್ಪತ್ತು ವರ್ಷದ ಪೇಪರ್‌ಬ್ಯಾಕ್‌ನ ಅಂಟು ಒಣಗಿ ಹಪ್ಪಳ ಆಗಿರುತ್ತದೆ. ಪುಸ್ತಕವನ್ನು ಪೂರ್ತಿ ಅಗಲಿಸಿ ಟೇಬಲ್ ಮೇಲೆ ಬೋರಲು ಹಾಕಿದರೆ ಬೆನ್ನು ಮುರಿದು ಹಾಳೆ ಉದುರುತ್ತವೆ. ಕೈಯಲ್ಲಿ ಅರ್ಧ ತೆರೆದು ಹಿಡಿದು ಓದಲು ಹೇಳಿ. ಮಳೆಗಾಲಕ್ಕೆ ಮುಂಚೆ ಒಂದು ದಿನ ನೆರಳಿನಲ್ಲಿ ಗಾಳಿಗೆ ಇಡಿ, ಬಿಸಿಲಿಗೆ ಬೇಡ. ಹೈನ್‌ಲೈನ್ ಎರಡು ಪ್ರತಿ ಸಿಕ್ಕಿದ್ದರೆ ಮಾತ್ರ ದಯವಿಟ್ಟು ಒಂದು ಸಾಲು ಬರೆಯಿರಿ. ನನ್ನದಕ್ಕೆ ಇನ್ನೂ ರಟ್ಟಿಲ್ಲ.